ಏಳನೇ ಪುಟದಲ್ಲಿದ್ದ ಗೋಡೆ

ಕೇಳುವುದು ಅಂದರೆ ಏನು ಎಂದು ಮಾತಾಡುತ್ತಿದ್ದೆವು. ಕಿವಿ ಇದ್ದವರೆಲ್ಲ ಕೇಳುತ್ತಾರೆಯೇ? ನೀವು ತಲೆಯಾಡಿಸುತ್ತಿದ್ದೀರಿ, ಸಂತೋಷ. ಆದರೆ ತಲೆಯಾಡಿಸುವುದು ಬೇರೆ, ಕೊನೆಯವರೆಗೆ ಕೇಳುವುದು ಬೇರೆ. ಅದಕ್ಕೊಂದು ಕಥೆ ಇದೆ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಆ ಅಜ್ಜಿಗೆ ಗೋಡೆಯ ಪಕ್ಕ ಜಾಗ ಬಿಡಿ ತಾಯಿ, ಒರಗಿಕೊಳ್ಳಲಿ. ಹಾಂ, ಈಗ ಸರಿಹೋಯಿತು.

ಬೆಲ್ಲದ ಮಂಡಿಗಳ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಬಸ್ಸಿಳಿದರೆ ಮೊದಲು ಮೂಗಿಗೆ ಬೆಲ್ಲದ ವಾಸನೆ, ಆಮೇಲೆ ಕಣ್ಣಿಗೆ ಸಾಹುಕಾರನ ಮಂಡಿ. ಕೈತುಂಬ ಇತ್ತು, ಕೊಡುವ ಮನಸ್ಸೂ ಇತ್ತು. ಅವನಿಗೊಬ್ಬ ಬಾಲ್ಯದ ಗೆಳೆಯ, ಊರಿನ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು.

ನೋಡಿ, ಸಾಹುಕಾರನ ಹೆಂಡತಿಗೆ ಅಣ್ಣತಮ್ಮಂದಿರಿರಲಿಲ್ಲ. ಹಾಗಾಗಿ ಮಗಳಿಗೆ ಸೋದರಮಾವ ಇಲ್ಲ. ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಯಾರು? ಸೋದರಮಾವ. ಕೂರಿಸಿಕೊಂಡವರು ಯಾರು? ಮೇಷ್ಟ್ರು. ಆ ಮಗು ನೋವಿಗೆ ಅವರ ಹೆಬ್ಬೆರಳು ಕಚ್ಚಿತು. ಆ ಗುರುತು ಈಗಲೂ ಇದೆ ಎಂದು ಮೇಷ್ಟ್ರು ಸಿಕ್ಕಿದವರಿಗೆಲ್ಲ ಬೆರಳೆತ್ತಿ ತೋರಿಸುತ್ತಿದ್ದರು. ಅಲ್ಲೇನೂ ಇರಲಿಲ್ಲ. ಆದರೂ ಎಲ್ಲರೂ ನೋಡಿ, ಹೌದೌದು ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ಇಬ್ಬರೂ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತಿದ್ದರು. ಬಾಗಿಲ ಪಕ್ಕದ ಟೇಬಲ್ಲು, ಬೈ ಟೂ ಕಾಫಿ. ಸಾಹುಕಾರ ಆ ಹೋಟೆಲನ್ನೇ ಕೊಳ್ಳಬಲ್ಲವನು, ಆದರೂ ಬೈ ಟೂ. ಒಬ್ಬನೇ ಇಡೀ ಲೋಟ ಕುಡಿದರೆ ಕಾಫಿಗೆ ರುಚಿಯೇ ಇರುವುದಿಲ್ಲ ಎನ್ನುತ್ತಿದ್ದ. ಅಲ್ಲಿ ಪೇಪರೂ ಬೈ ಟೂ. ಹೇಗೆ ಅಂತೀರೋ? ಹೋಟೆಲಿನವನೂ ಪಕ್ಕದ ಕ್ಷೌರದಂಗಡಿಯವನೂ ಸೇರಿ ಒಂದೇ ಪೇಪರು ತರಿಸುತ್ತಿದ್ದರು. ಬಂದ ಕೂಡಲೇ ಬಿಡಿಸಿ, ಮೊದಲ ಪುಟವಿರುವ ಹೊರಗಿನ ಹಾಳೆ ಹೋಟೆಲಿಗೆ, ಒಳಗಿನ ಹಾಳೆಗಳು ಕ್ಷೌರದಂಗಡಿಗೆ. ಮಧ್ಯಾಹ್ನ ಅದಲುಬದಲು ಮಾಡಿಕೊಳ್ಳುವುದು ಎಂದು ಮಾತು. ಮಧ್ಯಾಹ್ನದ ಹೊತ್ತಿಗೆ ಹೋಟೆಲಿನ ಹಾಳೆ ವಡೆ ಕಟ್ಟಿಸಿಕೊಂಡು ಯಾರದೋ ಕೈಯಲ್ಲಿ ಬಸ್ಸು ಹತ್ತಿರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷ ದೂರದ ಒಂದು ಚಳಿಯ ಸೀಮೆಯಲ್ಲಿ ಯುದ್ಧ ಶುರುವಾಯಿತು. ಅಕ್ಕಪಕ್ಕದ ಎರಡು ದೇಶಗಳು. ಯಾವುವು ಎಂದು ಕೇಳಬೇಡಿ, ಹೇಳಿದರೆ ನೀವೂ ಇಲ್ಲೇ ಎರಡು ಪಕ್ಷವಾಗುತ್ತೀರಿ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು, ಪತ್ರಿಕೆಯ ವರದಿಗಾರ್ತಿ, ಅಲ್ಲಿಗೇ ಹೋದಳು. ಬಾಂಬು ಬೀಳುವ ಊರಿನಲ್ಲೇ ಇದ್ದು, ಕಣ್ಣಾರೆ ಕಂಡದ್ದನ್ನು ಪ್ರತಿ ಭಾನುವಾರದ ಪತ್ರಿಕೆಗೆ ಬರೆದು ಕಳಿಸಿದಳು. ಬರಹದ ಅರ್ಧ ಮೊದಲ ಪುಟದಲ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಏಳನೇ ಪುಟಕ್ಕೆ’ ಎಂದಿರುತ್ತಿತ್ತು.

ಹೋಟೆಲಿನಲ್ಲಿ ಭಾನುವಾರ ಬಂತೆಂದರೆ ಹಬ್ಬ. ಮೇಷ್ಟ್ರು ಗಟ್ಟಿಯಾಗಿ ಓದುವರು. ಓದುತ್ತಾ ಲೋಟದ ನೀರಿನಲ್ಲಿ ಬೆರಳು ಅದ್ದಿ, ಕಲ್ಲಿನ ಟೇಬಲಿನ ಮೇಲೆ ನಕ್ಷೆ ಬರೆಯುವರು. ಇದು ನದಿ, ಇದು ಸೇತುವೆ, ಇದು ಗಡಿ. ನೀರಿನಲ್ಲೇ ಎಂಥ ಚಂದದ ಗೆರೆ! ಕೇಳುವವರು ಸುಮ್ಮನೆ ಕೇಳಬೇಕಲ್ಲ?

“ಆ ಹುಡುಗಿ ದಿಟವಾಗ್ಲೂ ಅಲ್ಲಿಗೆ ಹೋಗವ್ಳೆ ಅಂತೀರಾ?” ಎಂದ ಒಬ್ಬ ಲಾರಿ ಏಜೆಂಟ. “ಎಲ್ಲೋ ರೂಮ್ ಮಾಡ್ಕಂಡು ಬರೀತಾ ಕುಂತವ್ಳೆ.”

“ಆ ಕಡೆಯೋರು ದುಡ್ಡು ಕೊಟ್ಟಿರ್ತಾರೆ ಬಿಡಿ,” ಎಂದ ಇನ್ನೊಬ್ಬ.

“ಈ ಕಡೆಯೋರು,” ಎಂದ ಮತ್ತೊಬ್ಬ.

ಆ ಮಗಳು ಆ ವಾರ ಏನು ತಿಂದಳು, ತಿಂದಳೋ ಇಲ್ಲವೋ, ಕೇಳಿದವರು ಯಾರೂ ಇಲ್ಲ.

ಸಾಹುಕಾರ ಒಂದು ದೇಶದ ಪರ, ಮೇಷ್ಟ್ರು ಇನ್ನೊಂದರ ಪರ. ಇಬ್ಬರೂ ಎರಡನ್ನೂ ಕಂಡವರಲ್ಲ. ಮೊದಲರ್ಧ ಮುಗಿಯುವುದರೊಳಗೆ ಜಗಳ ಹತ್ತಿಕೊಳ್ಳುತ್ತಿತ್ತು. ಏಳನೇ ಪುಟದ ನೆನಪು ಯಾರಿಗೆ ಬರಬೇಕು?

ಒಂದು ಭಾನುವಾರ ಮೇಷ್ಟ್ರು, “ಏನೇ ಹೇಳು, ಗಡಿ ದಾಟಿದ್ದು ತಪ್ಪು ಕಣೋ,” ಎಂದರು.

“ಕೆಣಕಿದ್ದು ಯಾರು? ಅದನ್ನ ಹೇಳು ಮೊದ್ಲು.”

“ಕೆಣಕಿದ್ರೆ ಮನೆ ಮೇಲೆ ಬಾಂಬ್ ಹಾಕೋದಾ?”

“ಹಾಕ್ಬೇಕು. ಆಗ್ಲೇ ಬುದ್ಧಿ ಬರೋದು,” ಎಂದವನೇ ಸಾಹುಕಾರ ಹೆಗಲ ಟವೆಲ್ಲು ತೆಗೆದು ಟೇಬಲಿನ ಮೇಲೆ ಒಮ್ಮೆ ಎಳೆದ. ನದಿ, ಸೇತುವೆ, ಗಡಿ, ಮೇಷ್ಟ್ರ ದೇಶ, ಎಲ್ಲ ಟವೆಲ್ಲಿಗೆ ಹೋಯಿತು. “ತಗೋ, ಒರೆಸಿ ಹಾಕ್ದೆ ನಿನ್ನ ದೇಶನ.”

ಹೋಟೆಲಿಗೆ ಹೋಟೆಲೇ ನಕ್ಕಿತು. ಮೇಷ್ಟ್ರು ನಗಲಿಲ್ಲ.

“ಜನ ಇದಾರೆ ಕಣೋ ಅಲ್ಲಿ.”

“ಇದ್ದದ್ದು ನೀರು. ಕಾಫಿ ಕುಡಿ.”

ಮೇಷ್ಟ್ರು ಎದ್ದು ಹೋದರು. ಮಾರನೆಯ ದಿನ ಕೈತೊಳೆಯುವ ನಲ್ಲಿಯ ಪಕ್ಕದ ಟೇಬಲಿನಲ್ಲಿ ಕೂತರು. ಆ ಟೇಬಲಿಗೊಂದು ಇಡೀ ಕಾಫಿ, ಈ ಟೇಬಲಿಗೊಂದು ಇಡೀ ಕಾಫಿ. ಎರಡೂ ಅರ್ಧರ್ಧ ಉಳಿಯುತ್ತಿದ್ದವು. ಸಂಕ್ರಾಂತಿ ಬಂತು. ಪ್ರತಿ ವರ್ಷ ಸಾಹುಕಾರನ ಮನೆಯಿಂದ ಎದುರು ಬೀದಿಯ ಮೇಷ್ಟ್ರ ಮನೆಗೆ ಎಳ್ಳುಬೆಲ್ಲದ ಜೊತೆ ಒಂದು ಕುಕ್ಕೆ ಹೊಸ ಬೆಲ್ಲ ಹೋಗುತ್ತಿತ್ತು. ಆ ಸಲ ಹೋಗಲಿಲ್ಲ. ಯುದ್ಧ ಎಲ್ಲಿ ಆಗುತ್ತಿತ್ತು, ಹೇಳಿ? ದೂರದ ದೇಶದಲ್ಲೇ?

ಅಷ್ಟರಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಮಗಳು ಅಪ್ಪನ ಮುಂದೆ ಬಂದು ನಿಂತಳು.

“ಅಪ್ಪಾ, ಮಾವನ್ನ ಕರೆದ್ರಾ?”

“ಲಗ್ನಪತ್ರಿಕೆ ಕಳಿಸಿದ್ರಾಯ್ತು.”

“ಪತ್ರಿಕೆ ಬೀದಿಯೋರಿಗೆಲ್ಲ ಹೋಗುತ್ತೆ. ನನ್ನ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಹೋಗೋದು ಯಾರು?”

“ಯಾರಾದ್ರೂ ಸಿಗ್ತಾರಮ್ಮ, ನಮ್ಮ ಕಡೆಯೋರು.”

“ಹಾಗಾದ್ರೆ ಮದುವೆ ಹೆಣ್ಣೂ ಯಾರಾದ್ರೂ ನಿಮ್ಮ ಕಡೆಯೋಳನ್ನೇ ನೋಡ್ಕೊಳ್ಳಿ. ಮಾವ ಬರದೆ ನಾನು ಹಸೆಮಣೆ ಹತ್ತಲ್ಲ.”

ಒಳಗೆ ಒಗ್ಗರಣೆ ಹಾಕುತ್ತಿದ್ದ ಅವಳ ಅಮ್ಮ ನಕ್ಕ ಸದ್ದು ಕೇಳಿಸಿತು. ಸಾಹುಕಾರ ನಗಲಿಲ್ಲ. ಎದುರು ಬೀದಿಯೇನು ದೂರವೇ? ಆದರೆ ಹೋಗಿ ಏನೆಂದು ಕರೆಯುವುದು? ಹೊಸ್ತಿಲವರೆಗೆ ಬರುವನು, ಚಪ್ಪಲಿ ಮೆಟ್ಟುವನು, ಬಿಚ್ಚುವನು. ಮಗಳು ಅದನ್ನು ಕಂಡೂ ಕಾಣದ ಹಾಗೆ, ಆ ಚಪ್ಪಲಿಯನ್ನು ಎದುರು ಬೀದಿಗೆ ಮುಖ ಮಾಡಿ ತಿರುಗಿಸಿಡುವಳು.

ಮದುವೆಗೆ ಮುಂಚಿನ ಭಾನುವಾರ ಸಾಹುಕಾರ ತಲೆಗೆ ಬಣ್ಣ ಹಾಕಿಸಲು ಕ್ಷೌರದಂಗಡಿಗೆ ಹೋದ. ಕುರ್ಚಿಯಲ್ಲಿ ಯಾರೋ ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು, ಕಣ್ಣಿನ ಕೆಳಗೆಲ್ಲ ಸೋಪಿನ ನೊರೆ ಬಳಿಸಿಕೊಂಡು, ಹಿಂದಕ್ಕೆ ಒರಗಿದ್ದರು. ಕ್ಷೌರದವನ ಕತ್ತಿ ಗಾಳಿಯಲ್ಲೇ ನಿಂತಿತ್ತು. ಬೆಂಚಿನ ಮೇಲೆ ಒಬ್ಬ ಬಸ್ ಕಂಡಕ್ಟರು ಪೇಪರಿನ ಒಳಹಾಳೆ ಹಿಡಿದು ಓದುತ್ತಿದ್ದ.

“ಕೂತ್ಕಳಿ ಸಾಹುಕಾರ್ರೇ, ಸದ್ದು ಮಾಡ್ಬೇಡಿ,” ಎಂದ ಕ್ಷೌರದವನು. “ಅಜ್ಜಿ ವಿಷ್ಯ ಬಂದೈತೆ.”

“ಯಾವ ಅಜ್ಜಿ?”

“ಗೋಡೆ ಅಜ್ಜಿ. ಗೊತ್ತಿಲ್ವಾ ನಿಮ್ಗೆ? ಎರಡು ಮನೆಗೆ ಒಂದೇ ಗೋಡೆ. ಅಜ್ಜಿ ಮನೆ ಹುಡುಗ ಈ ಕಡೆ ಸೈನ್ಯಕ್ಕೆ ಹೋಗವ್ನೆ, ಆ ಮನೆ ಹುಡುಗ ಆ ಕಡೆ ಸೈನ್ಯಕ್ಕೆ. ಎರಡು ಮನೆಗೂ ಮಾತಿಲ್ಲ. ಬಾಂಬ್ ಬಿದ್ದು ಆ ಮನೆ ಅಡುಗೆಕೋಣೆ ಹೊಂಟೋಯ್ತು. ಹೊರಗೆ ಕಾಲಿಡಂಗಿಲ್ಲ, ಬೀದೀಲಿ ಗುಂಡು ಹಾರ್ತಾವೆ. ಈ ಅಜ್ಜಿ ಏನ್ ಮಾಡ್ತು? ಸೌಟಿನ ಹಿಡೀಲಿ ಮೀಟಿ ಮೀಟಿ ಗೋಡೆ ಇಟ್ಟಿಗೆ ತೆಗೀತು. ಒಂದು ಪಾತ್ರೆ ಹೋಗೋವಷ್ಟು ಕಿಂಡಿ. ಆ ಕಿಂಡೀಲಿ ದಿನಾ ಸಾರು ಕೊಡ್ತು.”

“ಪಾತ್ರೆ ವಾಪಸ್ ಬಂದಿದ್ದು ಹೇಳು,” ಎಂದ ಕಂಡಕ್ಟರು.

“ಹ್ಞೂಂ. ಬರೀ ಪಾತ್ರೆ ಬರ್ನಿಲ್ಲ ಸಾಹುಕಾರ್ರೇ. ತೊಳೆದು, ಒಳಗೆ ಒಂದು ಹಿಡಿ ಸೌದೆ ಚಕ್ಕೆ ಇಟ್ಟು ಕೊಟ್ಟವ್ರೆ. ಮುರಿದೋದ ಅವರ ಬಾಗಿಲಿಂದೇ.”

ನಮ್ಮಲ್ಲೂ ಹಾಗೇ ಅಲ್ಲವೇ? ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಕೊಡುತ್ತೇವೆಯೇ? ಒಂದು ಚೂರು ಸಕ್ಕರೆಯಾದರೂ ಹಾಕುತ್ತೇವೆ. ಆ ಚಳಿಯ ದೇಶದಲ್ಲಿ ಸಕ್ಕರೆ ಸೌದೆಯಾಗಿತ್ತು, ಅಷ್ಟೇ.

ಸಾಹುಕಾರನಿಗೆ ಅರ್ಥವಾಗಲಿಲ್ಲ. “ಇದು ಯಾವ ಪೇಪರಿನಲ್ಲಿ ಬರ್ತಿದೆ?”

“ನಿಮ್ಮದೇ ಪೇಪರು. ಆ ಮಗಳು ಬರೆಯೋದೇ. ಏಳನೇ ಪುಟ ನಮ್ಮ ಕಡೆ ಬತ್ತದೆ,” ಎಂದ ಕ್ಷೌರದವನು. “ಆದ್ರೆ ನಮ್ಗೂ ಅರ್ಧ ಕತೇನೇ. ಯಾರು ಯಾರ ಮೇಲೆ ಬಾಂಬ್ ಹಾಕ್ತಾವ್ರೆ ಅನ್ನೋದು ನಿಮ್ಮ ಹಾಳೇಲಿ ಇರ್ತದಲ್ಲ? ನೀವೇ ಹೇಳಿ, ಯಾರು ಹಾಕಿದ್ದು?”

ಇಷ್ಟು ದಿನ ಅದೇ ಉತ್ತರವನ್ನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದವನು ಸಾಹುಕಾರ. ಈಗ ಬಾಯಿ ತೆರೆದ. ಕಲ್ಲಿನ ಟೇಬಲು ನೆನಪಾಯಿತು, ಟವೆಲ್ಲು ನೆನಪಾಯಿತು. ಆ ಕಿಂಡಿಯೂ ಆ ನೀರಿನ ಗೆರೆಯ ಒಳಗೇ ಎಲ್ಲೋ ಇತ್ತಲ್ಲವೇ? ಟವೆಲ್ಲು ಹೆಗಲ ಮೇಲೆ ಇದ್ದಕ್ಕಿದ್ದಂತೆ ಭಾರವಾಯಿತು.

“ಓದು,” ಎಂದ ಮೆಲ್ಲಗೆ.

ಕಂಡಕ್ಟರು ಓದಿದ. “ನಿಮಗೆ ಆ ಮನೆಯವರ ಮೇಲೆ ಕೋಪವಿಲ್ಲವೇ ಎಂದು ನಾನು ಅಜ್ಜಿಯನ್ನು ಕೇಳಿದೆ. ಕೋಪವಿದೆ, ಬೇಕಾದಷ್ಟಿದೆ, ಎಂದಳು. ಹಾಗಾದರೆ ಏಕೆ ಕೊಡುತ್ತೀರಿ ಎಂದೆ. ಅಜ್ಜಿ ಪಾತ್ರೆಯನ್ನು ಕಿಂಡಿಯೊಳಗೆ ತಳ್ಳುತ್ತಾ ಹೇಳಿದಳು: ಕೋಪ ಆಮೇಲೂ ಇರುತ್ತೆ ಮಗಳೇ, ಸಾರು ಆರಿಹೋಗುತ್ತೆ.”

ಕುರ್ಚಿಯಲ್ಲಿದ್ದವರ ಬಿಳಿ ಬಟ್ಟೆಯ ಒಳಗಿನಿಂದ ಒಂದು ಕೈ ಹೊರಬಂತು. ಹೆಬ್ಬೆರಳು ಕಣ್ಣೊರೆಸಿಕೊಂಡಿತು. ಆ ಹೆಬ್ಬೆರಳನ್ನು ಸಾಹುಕಾರ ಎಷ್ಟು ಸಲ ನೋಡಿ ಹೌದೌದು ಎಂದಿಲ್ಲ?

“ಸೋಪು ಕಣ್ಣಿಗೆ ಹೋಯ್ತಾ ಮೇಷ್ಟ್ರೇ?” ಎಂದ ಕ್ಷೌರದವನು. ಆಮೇಲೆ ಒಂದು ಕೆನ್ನೆ ಹೆರೆದು, ಸಾಹುಕಾರನ ಕಡೆ ತಿರುಗಿ, “ಇವತ್ತು ನುಣ್ಣಗೆ ಹೆರಿ ಅಂದವ್ರೆ. ಮದುವೆ ಐತಂತೆ,” ಎಂದ.

ಸಾಹುಕಾರ ಕನ್ನಡಿಯನ್ನೇ ನೋಡುತ್ತಾ, “ಯಾರ ಮದುವೆ?” ಎಂದ.

“ನನ್ನ ಸೋದರ ಸೊಸೇದು,” ಎಂದಿತು ನೊರೆ.

“ಕರೆದಿದಾರಾ?”

“ಅವಳ ಅಪ್ಪ ಕರೆದಿಲ್ಲ. ಛತ್ರದ ಬಾಗಿಲಲ್ಲಿ ನಿಂತಾದ್ರೂ ಅಕ್ಷತೆ ಹಾಕಿ ಬರೋಣ ಅಂತ.”

ನೋಡಿ, ಕರೆಯದ ಮದುವೆಗೆ ಗಡ್ಡ ಹೆರೆಸಿಕೊಳ್ಳಲು ಬಂದವರು ಅವರು. ಚಪ್ಪಲಿ ಮೆಟ್ಟಿ ಮೆಟ್ಟಿ ಬಿಚ್ಚಿದವನು ಇವನು. ಸಾಹುಕಾರ ಹೋಗಿ ಕುರ್ಚಿಯ ಪಕ್ಕ ನಿಂತ. ಹೆಗಲ ಮೇಲಿನ ಅದೇ ಟವೆಲ್ಲು ತೆಗೆದು ಗೆಳೆಯನ ಕಣ್ಣಿನ ಕೆಳಗಿನ ನೊರೆ ಒರೆಸಿದ.

“ಏಳಯ್ಯಾ. ಸಾರು ಆರಿಹೋಗುತ್ತೆ.”

“ಅರ್ಧ ಗಡ್ಡ ಇದೆ ಕಣೋ.”

“ಕಾಫೀನೂ ಅರ್ಧನೇ ಕುಡಿಯೋದು. ಬಾ.”

ಹಾಗೇ ಎಬ್ಬಿಸಿಕೊಂಡು ಹೋದ. ಒಂದು ಕೆನ್ನೆ ನುಣುಪು, ಒಂದು ಕೆನ್ನೆ ನೊರೆ. ಇಬ್ಬರೂ ಬಾಗಿಲ ಪಕ್ಕದ ಟೇಬಲಿನಲ್ಲಿ ಕೂತರು. ಕೇಳುವ ಮೊದಲೇ ಬೈ ಟೂ ಬಂತು. ಹಿಂದೆಯೇ ಕಂಡಕ್ಟರು ಒಳಹಾಳೆ ತಂದು ಹೊರಹಾಳೆಯ ಪಕ್ಕ ಹಾಸಿದ, ಕ್ಷೌರದಂಗಡಿಯವರೆಲ್ಲ ಬಂದು ಸುತ್ತ ನಿಂತರು. ಆವತ್ತು ಆ ಊರಿನಲ್ಲಿ ಮೊದಲ ಸಲ ಆ ಬರಹ ತಲೆಯಿಂದ ಕಾಲಿನವರೆಗೆ ಓದಿಸಿಕೊಂಡಿತು. ಹೋಟೆಲಿನವರಿಗೆ ಅಜ್ಜಿ ಸಿಕ್ಕಳು, ಕ್ಷೌರದಂಗಡಿಯವರಿಗೆ ಅಜ್ಜಿಯ ಪಕ್ಕದ ಮನೆಯ ಮೇಲೆ ಬಾಂಬು ಎಲ್ಲಿಂದ ಬಂತೆಂದು ತಿಳಿಯಿತು.

ಓದಿ ಮುಗಿದ ಮೇಲೆ ಸಾಹುಕಾರ ಕೇಳಿದ, “ಆ ಅಜ್ಜಿಗೊಂದು ಅಚ್ಚು ಬೆಲ್ಲ ಕಳಿಸೋಕಾಗುತ್ತೇನೋ?”

“ಮೊದ್ಲು ಎದುರು ಬೀದಿಗೆ ಕಳಿಸು. ಸಂಕ್ರಾಂತೀದೇ ಬಂದಿಲ್ಲ,” ಎಂದರು ಮೇಷ್ಟ್ರು.

ಮದುವೆಯ ದಿನ ಮೇಷ್ಟ್ರೇ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತಂದರು. ದಾರಿಯಲ್ಲಿ ಅವಳು, “ಮಾವ, ಗುರುತು ಇದೆಯಾ?” ಎಂದು ಪಿಸುಗುಟ್ಟಿದಳಂತೆ. ಮೇಷ್ಟ್ರು ಹೆಬ್ಬೆರಳೆತ್ತಿ ತೋರಿಸಿದರು. ಛತ್ರದಲ್ಲಿದ್ದವರೆಲ್ಲ ಅದು ಕಂಡ ಹಾಗೇ ತಲೆಯಾಡಿಸಿದರು.

ಅವರಿಬ್ಬರ ವಾದ ನಿಂತಿತೇ? ಇಲ್ಲಪ್ಪ. ಗಡಿ ದಾಟಿದ್ದು ತಪ್ಪು ಎಂದು ಇವರು, ಕೆಣಕಿದ್ದು ಯಾರು ಎಂದು ಅವನು. ಸರಿ ತಪ್ಪು ಕೇಳಬೇಡಿ ಎಂದು ನಾನು ಹೇಳುವುದೂ ಇಲ್ಲ, ಅದನ್ನು ಕೇಳಲೇಬೇಕು. ಆದರೆ ನಕ್ಷೆ ಒರೆಸಲು ಮಾತ್ರ ಆಮೇಲೆ ಯಾರೂ ಟವೆಲ್ಲು ತೆಗೆಯಲಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಕೈಯಲ್ಲಿ ಫೋನಿದೆ. ಎಲ್ಲೋ ಒಂದು ಊರು ಉರಿಯುತ್ತಿರುತ್ತದೆ. ಪ್ರಾಣ ಒತ್ತೆಯಿಟ್ಟು ಒಬ್ಬರು ಅದನ್ನು ಬರೆದು ಕಳಿಸಿರುತ್ತಾರೆ. ನಾವು ಎರಡು ಸಾಲು ಓದಿ, ಯಾರ ಪರ ಎಂದು ತೀರ್ಮಾನಿಸಿ, ಹತ್ತು ಜನಕ್ಕೆ ಕಳಿಸಿ, ಹನ್ನೊಂದನೆಯವರ ಹತ್ತಿರ ಜಗಳ ಆಡುತ್ತೇವೆ. ಏಳನೇ ಪುಟ ಹಾಗೇ ಉಳಿಯುತ್ತದೆ. ಇನ್ನು ಮೇಲೆ ಹಾಗೆ ಮಾಡಬೇಡಿ. ಯಾರದೇ ಕಷ್ಟದ ಸುದ್ದಿ ಬರಲಿ, ಕೊನೆಯವರೆಗೆ ಓದಿ. ಅಲ್ಲಿ ಅಡುಗೆ ಮಾಡುತ್ತಿರುವವರು ಯಾರು, ಊಟ ಕೊಟ್ಟವರು ಯಾರು ಎಂದು ಹುಡುಕಿ. ಅಲ್ಲಿಯವರೆಗೆ ತೀರ್ಪು ಕೊಡಬೇಡಿ. ಮನೆಯಲ್ಲಿ ಸೊಸೆ ಮಾತಾಡಿದರೂ ಅಷ್ಟೇ, ಅತ್ತೆ ಮಾತಾಡಿದರೂ ಅಷ್ಟೇ. ಅರ್ಧಕ್ಕೆ ಎದ್ದು ಬಾಯಿ ಹಾಕಬೇಡಿ.

ಇನ್ನೊಂದು ಮಾತು. ನಿಮ್ಮ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಯಾರದೋ ಮನೆಯ ಒಂದು ಡಬ್ಬಿ ಉಳಿದಿದೆ. ನಗಬೇಡಿ, ಇದೆ. ಮಾತು ಬಿಟ್ಟ ಮನೆಯದು. ಮಾತಿಲ್ಲದ ಮೇಲೆ ಹೇಗೆ ಕೊಡುವುದು ಎಂದು ಹಾಗೇ ಇಟ್ಟಿದ್ದೀರಿ. ಇವತ್ತು ಅದನ್ನು ಇಳಿಸಿ, ತೊಳೆದು, ಒಳಗೆ ಏನಾದರೂ ಹಾಕಿ, ಕೊಟ್ಟು ಬನ್ನಿ. ಕೋಪ ಇದ್ದರೆ ಇರಲಿ, ಜೊತೆಗೇ ತೆಗೆದುಕೊಂಡು ಹೋಗಿ.

ಪ್ರಸಾದ ತೆಗೆದುಕೊಂಡು ಹೊರಡಿ. ಸಾರು ಆರಿಹೋಗುತ್ತದೆ.