ನಾಲ್ಕು ತಿಂಗಳ ದಳಕ್ಕೆ ನಾನ್ನೂರು ಪುಟ

ಇದು ನಮ್ಮ ಕುರೆ ಬಂದರಿನಲ್ಲೇ ನಡೆದದ್ದು... ಪಕ್ಕದ ಮನೆಯ ತೊಮೆಕಿಚಿಗೆ. ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಗುಡ್ಡದ ಮೆಟ್ಟಿಲು ಹತ್ತಿ ಹಳೇ ಬಾವಿಯ ಹತ್ತಿರ ಬಂದಿದ್ದ. ಬರುತ್ತಿದ್ದದ್ದು ಕುವಾಬಾರನ ಮನೆಯಿಂದ.

ಈ ಕುವಾಬಾರ ಮಾಜಿ ನೌಕಾಧಿಕಾರಿ. ತನ್ನ ಕ್ರೂಸರ್ ದಳದ ಇತಿಹಾಸ ಬರೆಯುತ್ತಿದ್ದ. ಏನು ದಳವೋ, ಏನು ಕತೆಯೋ. ಮೂರು ಹಡಗು, ನಾಲ್ಕು ತಿಂಗಳ ಆಯುಸ್ಸು. ಮೂರೂ ಒಟ್ಟಿಗೆ ಸಮುದ್ರಕ್ಕಿಳಿದದ್ದು ಒಂದೇ ದಿನ. ಅಂದೇ ಮಂಜಿನಲ್ಲಿ ಒಂದಕ್ಕೊಂದು ಗುದ್ದಿಕೊಂಡವು. ಈ ಘನಕಾರ್ಯಕ್ಕೆ ನಾನ್ನೂರು ಪುಟ. ಅದರಲ್ಲಿ ಗುದ್ದಿದ್ದು ತಮ್ಮ ಹಡಗಲ್ಲವಂತೆ, ‘ಶತ್ರುವಿನ ಟಾರ್ಪಿಡೊ’ ಅಂತೆ.

ನೀರು ನುಗ್ಗಿದಾಗ ಬಾಯ್ಲರ್ ಕೋಣೆಯ ಬಾಗಿಲು ಮುಚ್ಚಿದವನು ತೊಮೆಕಿಚಿ. ಮುಚ್ಚು ಎಂದವನು ಕುವಾಬಾರ. ಒಳಗೆ ಒಂಬತ್ತು ಜನ ಇದ್ದರು.

“ಈ ಟಾರ್ಪಿಡೊ ಕಾಗದಕ್ಕೆ ಸಾಕ್ಷಿ ಅಂತ ಮುದ್ರೆ ಒತ್ತಿಬಿಡು,” ಅಂದಿದ್ದ ಕುವಾಬಾರ ಅವತ್ತು. “ನಿಜ ಬರೆದ್ರೆ ಬಾಗಿಲು ಮುಚ್ಚಿದ್ದು ಯಾರು ಅಂತಾನೂ ಬರೀಬೇಕಾಗುತ್ತೆ. ಆಮೇಲೆ ಅವರ ಹೆಂಡ್ತೀರ ಮುಖ ಹೇಗೆ ನೋಡ್ತೀಯ?”

ತೊಮೆಕಿಚಿ ಒತ್ತಿ ಬಂದಿದ್ದ. ನನ್ನ ಗೆಳೆಯನೇ. ಆದರೂ ಹೇಡಿ ಅಂತಲೇ ಹೇಳುತ್ತೇನೆ.

ಟಣ್... ಟಣ್... ಟಣ್...

ಕಬ್ಬಿಣಕ್ಕೆ ಸ್ಪಾನರ್ ಬಡಿದ ಸದ್ದು. ಬಾವಿಯ ಒಳಗಿಂದ.

“ಯಾರು?”

“ನಾವು ಕಣೋ, ತೊಮೆ...” ಪಿಸುಮಾತು. “ಟಾರ್ಪಿಡೊ ಎಲ್ಲಿತ್ತಪ್ಪಾ?”

ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದ. ಕುವಾಬಾರ ಆಕಳಿಸುತ್ತಾ ಬಾಗಿಲು ತೆಗೆದ.

“ಆ ಕಾಗದ ಕೊಡಿ ಸಾಹೇಬ್ರೇ. ಅವರು ಬಂದಿದ್ದಾರೆ.”

“ಕುಡಿದಿದ್ದೀಯ. ಬಾಯ್ಲರ್ ಕಾಯೋರ ಮಾತು ಬದುಕಿದ್ದಾಗ್ಲೇ ಯಾರೂ ಕೇಳ್ಲಿಲ್ಲ. ಈಗ ಸತ್ತೋರ್ದು...”

ನಗುತ್ತಲೇ ಸೊಂಟದ ಕೀಲಿ ತೆಗೆದು ಕಾಗದ ಇಟ್ಟಿದ್ದ ಪೆಟ್ಟಿಗೆ ತೆರೆದ. ಕಿರ್ರ್... ನಗು ಅಲ್ಲೇ ನಿಂತಿತು.

ಬರೆದದ್ದು ತಪ್ಪಾದರೆ ನಮ್ಮಲ್ಲಿ ಅದರ ಮೇಲೆ ಎರಡು ಗೆರೆ ಎಳೆದು ಮುದ್ರೆ ಒತ್ತುತ್ತೇವೆ. ಮುದ್ರೆ ಇಲ್ಲದವರು ಹೆಬ್ಬೆಟ್ಟು ಒತ್ತುತ್ತಾರೆ. ‘ಶತ್ರುವಿನ ಟಾರ್ಪಿಡೊ’ದ ಮೇಲೆ ನೆಟ್ಟಗೆ ಎರಡು ಗೆರೆ ಬಿದ್ದಿದ್ದವು. ಪಕ್ಕದಲ್ಲಿ ಕರೀ ಎಣ್ಣೆಯ ಹೆಬ್ಬೆಟ್ಟುಗಳು. ತೊಮೆಕಿಚಿ ಎಣಿಸಿದ. ಒಂಬತ್ತು.

ಹತ್ತನೆಯದಾಗಿ ತನ್ನದನ್ನೂ ಮಸಿಯಲ್ಲಿ ಒತ್ತಿದ. ಬೆಳಗಾದ ಮೇಲೆ ಆ ಕಾಗದ ಹಿಡಿದು ಒಂಬತ್ತು ಮನೆಗೂ ಹೋಗಿ, ಬಾಗಿಲು ಮುಚ್ಚಿದವನು ನಾನೇ ಎಂದು ಹೇಳಿದ. ಒಬ್ಬಾಕೆ ಮುಖಕ್ಕೆ ಉಗಿದಳಂತೆ. ಒರೆಸಿಕೊಂಡು ಮುಂದಿನ ಮನೆಗೆ ಹೋದ.

ನೀವು ನಂಬಿ, ಬಿಡಿ. ಮೂರು ದಿನದ ಮೇಲೆ ಆ ಕಾಗದ ನನ್ನ ಕೈಗೂ ಬಂತು. ತೊಮೆಕಿಚಿಯ ಹೆಬ್ಬೆಟ್ಟು ಒಣಗಿತ್ತು. ಉಳಿದ ಒಂಬತ್ತನ್ನು ನಾನೇ ಮುಟ್ಟಿ ನೋಡಿದೆ... ಇನ್ನೂ ಬೆಚ್ಚಗಿದ್ದವು.