ರಬ್ಬಿ ಮಖ್ಲೂಫ್ ಬಿಟ್ಟ ತಿಂಗಳು

ಮಾವ ಅನ್ನಬೇಡ ಅಂದೆನಲ್ಲ! ಇನ್ನೂ ಆಗಿಲ್ಲ ನಾನು ನಿಂಗೆ ಮಾವ. ರಬ್ಬಿ ಮಖ್ಲೂಫ್ ಅನ್ನು, ಊರೆಲ್ಲ ಅನ್ನೋ ಹಾಗೆ... ಯಾಕೆ ನಗ್ತೀಯಾ? ಎರಡು ವರ್ಷದ ಹಿಂದೆ ಮಾತು ಕೊಟ್ಟಿದ್ದೀನಿ, ಒಪ್ಕೋತೀನಿ. ನನ್ನ ಮಗಳು ಹನೀನಾನ ನಿಂಗೇ ಕೊಡೋದು ಅಂತ ಹತ್ತು ಜನರ ಮುಂದೆ ಹೇಳಿ, ಅಂಜೂರದ ಸಾರಾಯಿ ಕುಡಿದು, ಲೋಟ ಕೆಳಗಿಟ್ಟಿದ್ದೀನಿ. ಆದ್ರೆ ಮಾತು ಬೇರೆ, ತಾರೀಖು ಬೇರೆ ಕಣೋ ಶುಶಾನ್! ಕೂತ್ಕೋ. ಚಹಾ ಕುಡಿ, ಬಾದಾಮಿ ಹಾಕಿದ್ದಾಳೆ. ಅವಳು ರೊಟ್ಟಿ ಹಿಟ್ಟಿನ ತಟ್ಟೆ ಹೊತ್ಕೊಂಡು ಬೀದಿ ಒಲೆಗೆ ಹೋಗಿದ್ದಾಳೆ, ಬೇಯೋ ತನಕ ಬರಲ್ಲ. ಅಷ್ಟರೊಳಗೆ ನಾವಿಬ್ಬರೇ ಮಾತು ಮುಗಿಸಿಬಿಡೋಣ.

ಹೂಂ, ಬರೋ ವರ್ಷ ಯಾವ ತಿಂಗಳು ಅಂತ ಕೇಳಿದೆ. ಸರಿಯಾದ ಮನೆಗೇ ಬಂದೆ. ಈ ಜೆರ್ಬಾ ದ್ವೀಪದಲ್ಲಿ ಯಹೂದಿಗಳ ಗೋಡೆ ಮೇಲೆ ತೂಗೋದು ಯಾರ ಪಂಚಾಂಗ? ನಂದು. ನಮ್ಮೂರು ದೊಡ್ಡ ಹಾರಾದಲ್ಲೂ ನಂದೇ, ನಿಮ್ಮೂರು ಚಿಕ್ಕ ಹಾರಾದಲ್ಲೂ ನಂದೇ. ನಲವತ್ತೊಂದು ವರ್ಷ! ಅಮಾವಾಸ್ಯೆ, ಹುಣ್ಣಿಮೆ ಯಾವನಾದರೂ ಬರೀತಾನೆ. ತಿಂಗಳ ಒಳಗುಟ್ಟು ಬರೆಯೋನು ನಾನೊಬ್ಬನೇ. ಒಂದೊಂದು ತಿಂಗಳಿಗೂ ಒಂದು ಅಕ್ಷರ, ಒಂದು ಗುಣ. ಆ ಅಕ್ಷರದಿಂದಲೇ ದೇವರು ಆ ತಿಂಗಳನ್ನ ಮಾಡಿದ್ದು. ಅದನ್ನ ತಿಳೀದೆ ಮದುವೆ ಆಗೋದು ಅಂದ್ರೆ ಉಪ್ಪು ಹಾಕ್ದೆ ಮೀನು ಒಣಗಿಸಿದ ಹಾಗೆ. ಆಮೇಲೆ ಮನೆಮಂದಿಯೆಲ್ಲ ಮೂಗು ಮುಚ್ಕೋಬೇಕು.

ಈಗ ನಡೀತಿರೋದು ಏಲುಲ್. ಇದು ಆಗಲ್ಲ. ಮಾಡಿದ ತಪ್ಪಿಗೆಲ್ಲ ನಸುಕಲ್ಲೇ ಎದ್ದು ಕ್ಷಮೆ ಕೇಳೋ ತಿಂಗಳು. ಇಂಥ ಹೊತ್ತಲ್ಲಿ ಹೊಸ ತಪ್ಪು ಯಾಕೆ ಮಾಡ್ತೀಯಾ... ಅಯ್ಯೋ, ತಮಾಷೆಗೆ ಅಂದೆ ಮಾರಾಯಾ! ಲೋಟ ಹಾಗೆ ಕುಕ್ಕಬೇಡ, ಒಡೆದೀತು.

ಮುಂದೆ ತಿಶ್ರೇ. ಹೊಸ ವರ್ಷ, ಉಪವಾಸ, ಚಪ್ಪರದ ಹಬ್ಬ, ಒಂದು ಮುಗಿಯೋದೇ ತಡ ಇನ್ನೊಂದು. ಸಂತೋಷಕ್ಕೆ ಸಂತೋಷ ಬೆರೆಸಬಾರದು ಅಂತ ಹಿರಿಯರು ಹೇಳಿದ್ದಾರೆ. ಹಬ್ಬ ಎಲ್ಲ ಮುಗಿದ ಮೇಲೆ ಒಂದು ವಾರ ಉಳಿಯುತ್ತೆ ಅಂತೀಯಾ? ಉಳಿಯುತ್ತೆ. ಆ ವಾರ ನಾನು ಮಲಗ್ತೀನಿ.

ಆಮೇಲೆ ಹೆಶ್ವಾನ್. ಒಂದು ಹಬ್ಬ ಇಲ್ಲ, ಹರಿದಿನ ಇಲ್ಲ. ಕಹಿ ಹೆಶ್ವಾನ್ ಅಂತಲೇ ಅದಕ್ಕೆ ಹೆಸರು. ಜಲಪ್ರಳಯ ಶುರುವಾದದ್ದು ಆ ತಿಂಗಳಲ್ಲಿ. ನಮ್ಮ ಕುಲದ ಮೂಲತಾಯಿ ರಾಹೇಲಮ್ಮ ಹೆರಿಗೆಯಲ್ಲಿ ಕಣ್ಮುಚ್ಚಿದ್ದು ಆ ತಿಂಗಳಲ್ಲಿ. ಅಂಥ ತಿಂಗಳಲ್ಲಿ ನಾನು ಮಗಳನ್ನ... ಏನು? ಪಂಚಾಂಗದಲ್ಲಿ ಹಾಗಿಲ್ವಾ? ಯಾವನ ಪಂಚಾಂಗದಲ್ಲಿ? ನಂದರಲ್ಲೇನಾ! ಜೇಬಲ್ಲಿ ಇಟ್ಕೊಂಡು ಓಡಾಡ್ತೀಯಾ? ಹಾಳೆ ಹರಿದು? ಗೋಡೆ ಮೇಲೆ ಇರಬೇಕಾದದ್ದು ಕಣೋ ಅದು! ಸರಿ, ಓದು ನೋಡೋಣ... ನಾನ್ಯಾಕೆ ಓದಲಿ? ಬರೆದೋನೇ ಓದಬೇಕು ಅಂತ ಎಲ್ಲಿದೆ? ಕನ್ನಡಕ ಒಳಗಿದೆ. ನೀನೇ ಓದು.

...ಏನು, ಏನು? ಇನ್ನೊಂದು ಸಲ ಹೇಳು. ಹಬ್ಬವಿಲ್ಲದ ತಿಂಗಳು ಬರಿದಲ್ಲ, ನೆಂಟರೆಲ್ಲ ಹೊರಟುಹೋದ ಮನೆ ಅದು, ಗಂಡ ಹೆಂಡತಿಗೆ ಮಾತಾಡೋಕೆ ಪುರುಸೊತ್ತು ಸಿಗೋದು ಆಗಲೇ... ನಾನಾ? ನಾನು ಬರೆದೆನಾ ಹೀಗೆ? ಹೂಂ. ಬರೆದಿರ್ತೀನಿ. ಬರೆದಿರ್ತೀನಿ ಏನು, ಬರೆದೆ! ನಾನೇ ಬರೆದದ್ದು. ಒಳ್ಳೇ ಮಾತೇ. ಜನ ಬಂದು ಹೇಳ್ತಾರೆ, ರಬ್ಬಿ, ಮೊದಲೆಲ್ಲ ನಿಮ್ಮ ಪಂಚಾಂಗ ಓದಿದ್ರೆ ಹೆದರಿಕೆ ಆಗ್ತಿತ್ತು, ಈ ಎರಡು ಮೂರು ವರ್ಷದಿಂದ ಜೇನಾಗಿಬಿಟ್ಟಿದೆ ಅಂತ. ಹೆಂಗಸರು ಅಡುಗೆಮನೇಲಿ ಅಂಟಿಸ್ಕೊಂಡಿದ್ದಾರಂತೆ! ವಯಸ್ಸಾದ ಹಾಗೆ ಮನುಷ್ಯ ಮಾಗ್ತಾನೆ, ಅಷ್ಟೇ. ಆದ್ರೆ ಆ ಮಾತು ಮದುವೆ ಆಗಿರೋರಿಗೆ. ಆಗಬೇಕಾದೋರಿಗೆ ಕಹಿನೇ.

ಕಿಸ್ಲೇವ್ ಅಂತೀಯಾ? ಅದರ ಗುಣ ನಿದ್ದೆ. ಆ ತಿಂಗಳು ಮದುವೆ ಆದ ಗಂಡು ಜೀವಮಾನವಿಡೀ ಹೊತ್ತು ನೆತ್ತಿಗೆ ಏರೋ ತನಕ ಗೊರಕೆ ಹೊಡೀತಾನೆ. ಮೀನು ಮಾರೋ ಬೀಶಿ ಇಲ್ವಾ? ಕಿಸ್ಲೇವ್‌ನಲ್ಲಿ ಮದುವೆ ಆದೋನು. ಅವನು ಅಂಗಡಿ ತೆಗೆಯೋ ಹೊತ್ತಿಗೆ ಗಿರಾಕಿ ಹಾಳಾಗಲಿ, ಬೆಕ್ಕು ಕೂಡ ಕಾದು ಕಾದು ಮನೆಗೆ ಹೋಗಿರುತ್ತೆ. ...ಅಲ್ಲೂ ಬೇರೆ ಬರೆದಿದೆಯಾ? ನಂಬಿಕೆ ಇರೋ ಕಡೆ ಮಾತ್ರ ನಿದ್ದೆ ಬರೋದು, ಅಪ್ಪನ ಮನೆ ಬಿಟ್ಟು ಬಂದೋಳು ಹೊಸ ಮನೇಲಿ ನಿದ್ದೆ ಮಾಡಿದಳು ಅಂದ್ರೆ... ಸಾಕು! ಸಾಕು ಓದಿದ್ದು. ಈ ಹುಡುಗಿ... ಅಲ್ಲ, ಈ ಕೈ! ಈ ಕೈ ಇದೆಯಲ್ಲ, ಲೇಖನಿ ಹಿಡಿದ್ರೆ ತಾನಾಗೇ ಏನೇನೋ ಗೀಚುತ್ತೆ. ಮಡಚಿ ಜೇಬಲ್ಲಿಡು ಅದನ್ನ.

ಶೆವಾತ್ ರುಚಿಯ ತಿಂಗಳು. ಆಗ ಮನೆಗೆ ಬಂದ ಸೊಸೆ ಅತ್ತೆ ಅಡುಗೆಗೆ ಹೆಸರಿಡ್ತಾಳೆ. ನಿಮ್ಮಮ್ಮ ಮಾಡೋ ಕೂಸ್‌ಕೂಸ್ ನಾನು ಉಂಡಿದ್ದೀನಿ. ಹೆಸರಿಡೋದು ಏನೂ ಕಷ್ಟ ಇಲ್ಲ.

ಇನ್ನು ಅದಾರ್. ನಗುವಿನ ತಿಂಗಳು, ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಬರೋ ವರ್ಷ ಅಧಿಕ ಮಾಸ ಬಂದಿದೆ, ಎರಡೆರಡು ಅದಾರ್! ಯಾವುದರಲ್ಲಿ ಆಗ್ತೀಯಾ? ನಗಬೇಡ, ಇದು ಆಟ ಅಲ್ಲ. ಸಾರಾಫ್ ಮನೆ ಅಣ್ಣ ತಮ್ಮಂದಿರ ಮಕ್ಕಳ ಕಥೆ ಕೇಳಿಲ್ವಾ? ಒಬ್ಬ ಮೊದಲನೇ ಅದಾರ್ ಇಪ್ಪತ್ತೊಂಬತ್ತಕ್ಕೆ ಹುಟ್ಟಿದ. ಇನ್ನೊಬ್ಬ ಎರಡು ದಿನ ಬಿಟ್ಟು, ಎರಡನೇ ಅದಾರ್ ಒಂದನೇ ತಾರೀಖು. ಹದಿಮೂರು ತುಂಬಿ ದೊಡ್ಡೋರು ಅನ್ನಿಸ್ಕೊಳ್ಳೋ ವರ್ಷ ಬಂತು, ಆ ವರ್ಷ ಒಂದೇ ಅದಾರ್. ಚಿಕ್ಕೋನು ಒಂದನೇ ತಾರೀಖಿಗೇ ದೊಡ್ಡೋನಾಗಿ ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥ ಓದಿದ. ಮೊದಲು ಹುಟ್ಟಿದೋನು ಇಪ್ಪತ್ತೊಂಬತ್ತರ ತನಕ ಕಾಯ್ತಾ ಕೂತ! ಇಬ್ಬರ ತಾಯಂದಿರೂ ಇವತ್ತಿಗೂ ಮಾತಾಡಲ್ಲ. ಅದಾರ್ ಅಂದ್ರೆ ಅಷ್ಟು ಫಜೀತಿ.

ನಿಸಾನ್ ಮನೆ ತೊಳೆಯೋ ತಿಂಗಳು. ಇಯಾರ್‌ನಲ್ಲಿ ಶುಭಕಾರ್ಯ ಇಲ್ಲ. ಸಿವಾನ್ ನಡಿಗೆ ತಿಂಗಳು, ಆಗ ಹೊರಟ ಕಾಲು ತವರಿಗೆ ವಾಪಸ್ ಬರಲ್ಲ. ತಮ್ಮುಜ್... ಅದು ನೋಟದ... ಬಿಡು, ಬೇಸಿಗೆ, ಧಗೆ. ಆವ್ ಪೂರ್ತಿ ಶೋಕ. ಆಮೇಲೆ ಮತ್ತೆ ಏಲುಲ್ ಬಂತು, ವರ್ಷ ಮುಗೀತು! ನೋಡಿದ್ಯಾ? ನಾನೇನೂ ಬೇಡ ಅನ್ನಲಿಲ್ಲ. ತಿಂಗಳುಗಳೇ ಬೇಡ ಅಂದ್ವು. ಒಪ್ಕೊಂಡ್ಯಾ? ...ಒಪ್ಕೊಂಡ್ಯಾ ಅಂದೆ. ತಲೆ ಆಡಿಸಿದ್ರೆ ಆಗಲ್ಲ, ಬಾಯಿಬಿಟ್ಟು ಹೇಳು! ಹಿರಿಯರಿಗೆ ತಲೆಯಾಡಿಸಿ ಉತ್ತರ ಕೊಡೋದು ನಿಮ್ಮ ಚಿಕ್ಕ ಹಾರಾದ ಮರ್ಯಾದೆಯೇನು?

ಏನು? ಹನ್ನೆರಡೇ ಆಯ್ತಾ? ಅಧಿಕ ಮಾಸದ ವರ್ಷಕ್ಕೆ ಹದಿಮೂರು ಇರಬೇಕು... ಕೂತು ಎಣಿಸ್ತಿದ್ಯಾ! ಬೆಳ್ಳಿ ತಂತಿ ಎಳೆಯೋ ಕಸುಬಿನೋರ ಬುದ್ಧಿ, ಕೂದಲಷ್ಟು ಕಮ್ಮಿ ಆದ್ರೂ ಬಿಡಲ್ಲ. ಯಾವುದು ಬಿಟ್ಟೆ ಹೇಳು. ತೇವೇತ್? ...ಬಿಟ್ಟೆನಾ? ಸಣ್ಣ ತಿಂಗಳು, ಬಾಯಿಂದ ಜಾರಿರಬೇಕು.

ತೇವೇತ್ ಮೊದಲನೇ ದಿನ ಹೆಣ್ಣುಮಕ್ಕಳ ಹಬ್ಬ, ಅಷ್ಟು ನಂಗೆ ಗೊತ್ತಿಲ್ವಾ! ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ತಟ್ಟೆ ಬರುತ್ತೆ. ಎರಡು ವರ್ಷವೂ ಕಳಿಸಿದ್ದೀಯಾ, ಬಾದಾಮಿ ಮಿಠಾಯಿ ಚೆನ್ನಾಗಿತ್ತು, ಮುಕ್ಕಾಲು ಪಾಲು ನಾನೇ ತಿಂದೆ. ಆದ್ರೆ ಗುಣ ನೋಡಬೇಕಲ್ಲ? ತೇವೇತ್ ಗುಣ ಸಿಟ್ಟು! ನಿಮ್ಮೂರಲ್ಲಿ ಹುಟ್ಟಿದೋರೆಲ್ಲ ಪುರೋಹಿತ ವಂಶ, ಮೊದಲೇ ಮೂಗಿನ ತುದೀಲಿ ಕೋಪ, ಅದರ ಮೇಲೆ ಸಿಟ್ಟಿನ ತಿಂಗಳು. ಮದುವೆ ಮನೇಲಿ ತಟ್ಟೆ ಲೋಟ ಹಾರಾಡ್ತವೆ. ...ಅಕ್ಷರವಾ? ಬೇರೆ ಯಾವ ತಿಂಗಳಿಗೂ ಅಕ್ಷರ ಕೇಳಲಿಲ್ಲ ನೀನು. ಇದಕ್ಕೇ ಯಾಕೆ ಕೇಳ್ತೀಯಾ? ...ಐನ್. ಐನ್ ಅಕ್ಷರ. ಅಂದ್ರೆ ಕಣ್ಣು. ಹೌದು, ಕಣ್ಣೇ! ಅದರಲ್ಲೇನು ವಿಶೇಷ? ಲೋಕದಲ್ಲಿ ಎಲ್ಲರಿಗೂ ಎರಡೆರಡು ಇರ್ತವೆ.

ನನ್ನ ಮಾತು ನಂಬಲ್ಲ ಅಲ್ವಾ? ಇಗೋ, ಬರೋ ವರ್ಷದ ಪಂಚಾಂಗ. ಈ ಹಲಗೆ ಕೆಳಗೇ ಇದೆ. ಸಾಯಂಕಾಲ ಅಚ್ಚಿನೋನು ಬಂದು ತಗೊಂಡು ಹೋಗ್ತಾನೆ. ತಗೋ, ಹಿಡ್ಕೋ. ಮೇಲಿಂದ ನಾಲ್ಕನೇದು ತೇವೇತ್. ಹೋದ ವಾರವಷ್ಟೇ ಬರೆದದ್ದು, ಒಂದೊಂದು ಮಾತೂ ನೆನಪಿದೆ. ಸಿಟ್ಟಿನ ತಿಂಗಳು, ಈ ತಿಂಗಳಲ್ಲಿ ಹೆಣ್ಣುಮಕ್ಕಳು ಅಪ್ಪನ ಮನೆ ಬಿಡಬಾರದು, ಅಂತ. ಓದು. ಜೋರಾಗಿ ಓದು.

...ಓದು.

ಏನಾಯ್ತು? ಬಾದಾಮಿ ಗಂಟಲಿಗೆ ಸಿಕ್ಕಿತಾ? ...ತಲೆಕೆಳಗಾಗಿ ಕೊಟ್ನಾ ಹಾಳೇನ? ತಿರುಗಿಸ್ಕೋ. ...ಇಲ್ಲಾಂದ್ರೆ ಹಿಂದಿನ ಮಗ್ಗುಲಲ್ಲಿ ಇರಬೇಕು. ಹಾಂ, ತಿರುವಿದ ಸದ್ದು ಕೇಳ್ತು. ಈಗ ಓದು. ಇಷ್ಟು ಹೊತ್ತು ಒಂದೊಂದಕ್ಕೂ ಎದುರು ಮಾತಾಡಿದೋನು, ಈಗ್ಯಾಕೆ ಬಾಯಿಗೆ ಬೀಗ? ಶುಶಾನ್? ಅಲ್ಲೇ ಇದ್ದೀಯಾ? ...ಇದ್ದೀಯಾ, ಉಸಿರು ಕೇಳ್ತಿದೆ. ಮೂಗು ಯಾಕೆ ಏರಿಸ್ಕೋತೀಯಾ? ಅಂಥದ್ದೇನು ಬರೆದಿದ್ದಾಳೆ ಅದರಲ್ಲಿ?

...ಬರೆದಿದ್ದಾಳೆ ಅಂದೆನಾ?

ಅಂದೆ. ಅಂದದ್ದು ಅಂದಾಯ್ತು.

ಕಣ್ಣು ಅಂತ ಬರೆದಿದ್ದಾಳಾ? ಐನ್ ಅಂದ್ರೆ ಕಣ್ಣು ಅಂತ... ನಮ್ಮಪ್ಪನ ಕಣ್ಣು ಅಂತ? ಕಾಣಲ್ಲ ಅಂತ? ...ಹೂಂ ಅಂದ್ಯಾ. ಹಾಗಾದ್ರೆ ಹೌದು. ನಂಗೆ ಒಂದು ಮಾತು ಹೇಳಲಿಲ್ಲ ನೋಡು! ನಾನು ಸಿಟ್ಟು ಅಂತ ಹೇಳಿದೆ, 'ಬರೆದೆ ಅಪ್ಪಾ' ಅಂದಳು. ಬಿಡಬಾರದು ಅಂದೆ, 'ಬರೆದೆ ಅಪ್ಪಾ' ಅಂದಳು. ಎಷ್ಟು ಮೆತ್ತಗೆ ಅಂದಳು ಗೊತ್ತಾ!

ಮೂರು ವರ್ಷ ಆಯ್ತು. ಮೊದಲು ಸಣ್ಣ ಅಕ್ಷರ ಹೋಯ್ತು. ಆಮೇಲೆ ದೊಡ್ಡ ಅಕ್ಷರ. ಆಮೇಲೆ ಗೋಡೆ ಮೇಲಿರೋ ನನ್ನ ಹೆಂಡತಿ ಫೋಟೋ, ಅದೂ ಹೋಯ್ತು. ಯಾರಿಗೂ ಹೇಳಲಿಲ್ಲ. ಕುರುಡ ಬರೆದ ಪಂಚಾಂಗ ಯಾವನು ಗೋಡೆಗೆ ಹಾಕ್ತಾನೆ? ತಿಂಗಳು ತಿಂಗಳೂ ಹೊಸ ಚಂದ್ರನ ಪ್ರಾರ್ಥನೆಗೆ ಊರೆಲ್ಲ ನನ್ನ ಹಿಂದೆ ನಿಲ್ಲುತ್ತೆ. ನಾನು ಪಕ್ಕದೋನ ಭುಜ ಹಿಡ್ಕೊಂಡು, ಅವನು ಯಾವ ಕಡೆ ತಿರುಗ್ತಾನೋ ಆ ಕಡೆ ಮುಖ ಎತ್ತಿ ಶುರು ಮಾಡ್ತೀನಿ. ಒಂದು ಸಲ ಅವನು ಸೀನೋಕೆ ಅಂತ ತಿರುಗಿದ. ಪೂರ್ತಿ ಪ್ರಾರ್ಥನೆ ಬೀದಿ ದೀಪಕ್ಕೆ ಹೇಳಿಬಿಟ್ಟೆ! ಊರೂ ನನ್ನ ಜೊತೆ ಹೇಳ್ತು, ರಬ್ಬಿಗೆ ಏನೋ ಒಳಗುಟ್ಟು ಗೊತ್ತಿರಬೇಕು ಅಂತ. ನಗು ಬಂದ್ರೆ ನಕ್ಕುಬಿಡು, ಪರವಾಗಿಲ್ಲ. ...ನಗಲ್ವಾ?

ನಾನು ಹೇಳ್ತೀನಿ, ಅವಳು ಬರೀತಾಳೆ, ಹಾಗಂದ್ಕೊಂಡಿದ್ದೆ. ಜನ ಹೊಗಳಿದ್ದೆಲ್ಲ ಅವಳ ಮಾತನ್ನ. ಎದೆ ಉಬ್ಬಿಸ್ಕೊಂಡು ಓಡಾಡಿದೋನು ನಾನು. ನಿಮ್ಮೂರು ಎಷ್ಟು ದೂರ? ಆರು ಕಿಲೋಮೀಟರ್. ಕತ್ತೆ ಬಿಟ್ರೆ ತಾನಾಗೇ ಹೋಗಿ ಬರುತ್ತೆ. ಆದ್ರೆ ಅವಳು ಹೊರಟ ಮಾರನೇ ದಿನ ನನ್ನ ಬಣ್ಣ ಬಯಲು. ಮಗಳು ಹೋಗ್ತಾಳಲ್ಲ ಅನ್ನೋ ಸಂಕಟ ಇಲ್ಲ ಅಂತಲ್ಲ, ಇದೆ. ಅದಕ್ಕಿಂತ ಮರ್ಯಾದೆ ಹೋಗುತ್ತಲ್ಲ ಅನ್ನೋ ಭಯವೇ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಅದಕ್ಕೋಸ್ಕರ ಇಪ್ಪತ್ತಾರು ವರ್ಷದ ಹುಡುಗೀನ ಕೂರಿಸ್ಕೊಂಡೆ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ನಾನು ದೇವರು ಮಾಡಿದ ತಿಂಗಳುಗಳನ್ನೇ ಡೊಂಕು ಅಂದೆ. ನಾಚಿಕೆ ಆಗ್ತಿದೆ ಶುಶಾನ್, ನಿನ್ನ ಮುಂದೆ ಕೂತ್ಕೊಳ್ಳೋಕೇ ನಾಚಿಕೆ ಆಗ್ತಿದೆ.

ಎಲ್ಲಿಗೆ? ಏಳಬೇಡ. ಬಾಗಿಲ ಸದ್ದಾಯ್ತು, ರೊಟ್ಟಿ ವಾಸನೆ ಬಂತು. ಅವಳೇ. ಹಾಳೆ ಬಚ್ಚಿಡಬೇಡ. ಒಂದಕ್ಷರವೂ ಅಳಿಸಬೇಡ, ಅಚ್ಚಿನೋನಿಗೆ ಹಾಗೇ ಕೊಡೋದು, ಊರೆಲ್ಲ ಗೋಡೆಗೆ ಹಾಕ್ಕೊಂಡು ಓದಲಿ. ಅವಳು ಯಾವ ತಿಂಗಳನ್ನ ಒಳ್ಳೇದು ಅಂತ ಬರೆದಿದ್ದಾಳೋ ಅದೇ ತಿಂಗಳು ನಿಮ್ಮ ಮದುವೆ. ಅವಳಿಗೂ ಕೇಳೋ ಹಾಗೆ, ಮೊದಲಿಂದ ಓದಪ್ಪಾ... ನಂಗೆ ಕಾಣಲ್ಲ.