ಕುರಿ ಎಷ್ಟವೆ ಅಂದ್ರೆ

ಹಾಲುರಾಮೇಶ್ವರಕ್ಕೆ ಹೊರಟ ಯಶೋಧಮ್ಮ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣುಕಾಯಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅಣ್ಣ ತಂಗಿ ಇಬ್ಬರು ಪಿಸುಗುಟ್ಟುತ್ತಿದ್ದರು. ಅವಳ ಕಿವಿ ತಾನಾಗಿ ಅತ್ತ ವಾಲಿತು.

“ಮತ್ತೆ ಯಾವನೋ ಮನೆಗೆ ಫೋನ್ ಮಾಡಿದ್ದ, ತಿಮ್ಮೇಶಣ್ಣ. ಅಪ್ಪ ಎತ್ತಿದ್ರೆ ನನ್ನ ಕಾಲೇಜು ಮುಗೀತು.”

“ಸೈಬರ್ ಸೆಂಟರ್‌ನಾಗೆ ನಿನ್ನನ್ನ ಆ ಫ್ರೆಂಡ್ಸ್ ಮಾಡ್ಕಳೋ ಸೈಟಿಗೆ ಸೇರಿಸ್ವಾಗ ನಂಬರ್ ಕೇಳ್ತು ರೋಜಾ, ಕೊಟ್ಟೆ. ಊರೋರೆಲ್ಲ ನೋಡ್ತಾರೆ ಅಂತ ನಂಗೇನು ಗೊತ್ತು?”

“ಸಂತೆಯಾಗೆ ಯಾರಾದ್ರೂ ನಮ್ಮ ಕುರಿ ಎಷ್ಟವೆ ಅಂದ್ರೆ ಏನಂತೀಯ?”

“ದೇವ್ರು ಕೊಟ್ಟಷ್ಟವೆ ಅಂತೀನಿ. ಲೆಕ್ಕ ಹೇಳಿದ್ರೆ ದೃಷ್ಟಿ ಆಗ್ತೈತಲ್ಲ.”

“ಕುರಿಗಿರೋ ಕಾವಲು ತಂಗಿಗಿಲ್ವೇನೋ?”

ತಿಮ್ಮೇಶ ತಲೆ ಕೆರೆದುಕೊಂಡ. “ನಡಿ, ನಂಬರ್ ಅಳಿಸಿ ಬರಾಣ.”

“ಬಸ್ ಬಂತಲ್ಲೋ! ತಡ ಯಾಕೆ ಅಂತ ಅಪ್ಪ ಕೇಳಿದ್ರೆ?”

“ದೇವ್ರು ಕರ್ಕಂಡು ಬಂದಾಗ ಬಂದ್ವಿ ಅನ್ನು.”

ಇಬ್ಬರೂ ನಗುತ್ತಾ ಸೈಬರ್ ಕಡೆ ನಡೆದರು. ಆ ಹುಡುಗಿಗೂ ಒಂದು ಕಾಯಿ ಒಡೆಸಬೇಕು, ಹೆಸರು ಹೇಳದೆ, ಎಂದುಕೊಂಡಳು ಯಶೋಧಮ್ಮ.